ಪಡ್ರೆಯ ಬಗ್ಗೆ ಬರೆದದ್ದನ್ನು ಪಡ್ರೆಯವರು ಓದುವುದು ಹೇಗೆ? ಮುಕ್ತ ಜರ್ನಲ್‌ಗಳ ಲೆಕ್ಕಾಚಾರ, ಕಾಸರಗೋಡಿನ ಕಡೆಯಿಂದ

2003ರ ಡಿಸೆಂಬರಿನಲ್ಲಿ ಅಮೆರಿಕದ ಆರೋಗ್ಯ ಪತ್ರಿಕೆಯೊಂದರಲ್ಲಿ ಐದು ಪುಟಗಳ ಒಂದು ಪ್ರಬಂಧ ಬಂತು. ವಸ್ತು, ಕಾಸರಗೋಡಿನ ಗಡಿಯಂಚಿನ ಎಣ್ಮಕಜೆ ಪಂಚಾಯತಿನ ಪಡ್ರೆ. ಗೇರು ತೋಟಗಳ ಬುಡದಲ್ಲಿರುವ ಆ ಊರಿನ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಲಾಗಿತ್ತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿನ 117 ಶಾಲಾ ಹುಡುಗರನ್ನು, ಸಿಂಪಡಣೆ ಇಲ್ಲದ ಬೇರೊಂದು ಊರಿನ 90 ಹುಡುಗರ ಜೊತೆ ಹೋಲಿಸಿದ್ದರು. ವಿಷ ತಾಗಿದ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿರಬಹುದು ಎಂಬುದು ಅವರ ತೀರ್ಮಾನ. ಆಕ್ಷೇಪದ ಪತ್ರಗಳೂ ಅದೇ ಪತ್ರಿಕೆಯಲ್ಲಿ ಅಚ್ಚಾದವು. ಮುಂದೆ ನಿಷೇಧದ ವಾದ ನಡೆದಲ್ಲೆಲ್ಲ ಈ ಪ್ರಬಂಧದ ಹೆಸರು ಬಂತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಎಂಡೋಸಲ್ಫಾನನ್ನು ತಡೆಯಿತು, ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೂ ಅದು ಸೇರಿತು.

ಆ ಪ್ರಬಂಧವನ್ನು ಇವತ್ತು ಪಡ್ರೆಯ ಯಾರು ಬೇಕಾದರೂ ಮೊಬೈಲಿನಲ್ಲಿ ತೆರೆದು ಓದಬಹುದು. ಒಂದು ಪೈಸೆ ಖರ್ಚಿಲ್ಲ. ಕಾರಣ, ‘ಎನ್ವಿರಾನ್ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್’ ಎಂಬ ಆ ಪತ್ರಿಕೆ ಆಗ ಅಮೆರಿಕದ ಒಂದು ಸರ್ಕಾರಿ ಆರೋಗ್ಯ ಸಂಸ್ಥೆಯದ್ದಾಗಿತ್ತು. ಓದುಗರಿಂದ ದುಡ್ಡು ತೆಗೆದುಕೊಳ್ಳುವುದು ಅದರ ಕ್ರಮವಾಗಿರಲಿಲ್ಲ.

ವೈದ್ಯರ ನಂತರ ಸಮಾಜಶಾಸ್ತ್ರದವರು ಬಂದರು. ರೋಗಿಗಳ ಪಟ್ಟಿಗೆ ಯಾರ ಹೆಸರು ಸೇರುತ್ತದೆ, ಯಾರದ್ದು ಬಿಡುತ್ತದೆ? ಹಾಸಿಗೆ ಹಿಡಿದ ಮಗುವಿನ ಅಮ್ಮನ ದಿನ ಹೇಗೆ ಕಳೆಯುತ್ತದೆ? 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದ 5 ಲಕ್ಷ ರೂಪಾಯಿ ಪರಿಹಾರ ಮನೆಯೊಳಗಿನ ಸಂಬಂಧಗಳನ್ನು ಏನು ಮಾಡಿತು? ಇವು ಸ್ಟೆತಸ್ಕೋಪಿಗೆ ಸಿಗುವ ಪ್ರಶ್ನೆಗಳಲ್ಲ. ಇಂಥ ವಿಷಯದ ಲೇಖನಗಳನ್ನು ಹುಡುಕಿದರೆ ಮೊದಲ ಪ್ಯಾರಾ ಕಾಣುತ್ತದೆ, ಅದರ ಕೆಳಗೆ ಬೆಲೆ. ದೊಡ್ಡ ಪ್ರಕಾಶನಗಳ ಜರ್ನಲಿನಲ್ಲಿ, ಅಂದರೆ ವಿದ್ವತ್ಪತ್ರಿಕೆಯಲ್ಲಿ, ಒಂದು ಲೇಖನಕ್ಕೆ ಸಾಮಾನ್ಯವಾಗಿ 30ರಿಂದ 40 ಡಾಲರ್, ನಮ್ಮ ಲೆಕ್ಕದಲ್ಲಿ 3,000 ರೂಪಾಯಿಯ ಆಸುಪಾಸು. ತನ್ನ ಮನೆಯ ಜಗಲಿಯಲ್ಲಿ ಕುಳಿತು ಚಹಾ ಕೊಟ್ಟು ಎರಡು ಗಂಟೆ ಮಾತಾಡಿದವಳು, ತಾನು ಹೇಳಿದ್ದು ಏನಾಯಿತು ಎಂದು ನೋಡಬೇಕಾದರೆ ಇಷ್ಟು ಕೊಡಬೇಕು.

ಸಮಾಜಶಾಸ್ತ್ರದಲ್ಲಿ ಮುಕ್ತ ಪ್ರವೇಶದ (ಓಪನ್ ಆಕ್ಸೆಸ್), ಅಂದರೆ ಸಂಶೋಧನೆಯನ್ನು ಯಾರೂ ದುಡ್ಡು ಕೊಡದೆ ಓದುವಂತಿರಬೇಕು ಎಂಬ, ಚರ್ಚೆಗೆ ಬೇರೆ ಶಾಸ್ತ್ರಗಳಲ್ಲಿ ಇಲ್ಲದ ತೂಕ ಬರುವುದು ಇಲ್ಲಿಂದ. ಭೌತಶಾಸ್ತ್ರದ ಎಲೆಕ್ಟ್ರಾನಿಗೆ ತನ್ನ ಬಗ್ಗೆ ಬರೆದದ್ದನ್ನು ಓದುವ ಆಸೆ ಇಲ್ಲ. ಸಮಾಜಶಾಸ್ತ್ರದ ಕಚ್ಚಾಮಾಲು ಮನುಷ್ಯರ ಮಾತು. ಆ ಮಾತು ಕೊಟ್ಟವರ ಕಡೆಯಿಂದ ನೋಡಿದಾಗ ಈ ಮುಕ್ತತೆ ಎಷ್ಟು ಮುಕ್ತ ಎಂಬುದೇ ನನ್ನ ಪ್ರಶ್ನೆ. ಕಾಸರಗೋಡಿನಷ್ಟು ಅಧ್ಯಯನಕ್ಕೆ ಒಳಗಾದ, ಅಷ್ಟೇ ಕಡಿಮೆ ಓದಲು ಸಿಕ್ಕಿದ ಜಿಲ್ಲೆಗಳು ಹೆಚ್ಚಿರಲಾರವು. ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಒಂದೇ ಬಸ್ಸಿನಲ್ಲಿ ಕೇಳುವ ಊರು ಇದು. ಭೂತಾರಾಧನೆ, ಅಳಿಯಸಂತಾನ, ಕೊರಗರ ಬದುಕು, ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ನಂತರದ ಗಡಿ ಸಂಕಟ, ಆ ಗಡಿಯ ಕುರಿತ ಮಹಾಜನ ವರದಿ, ಕೊರೋನಾ ಹೊತ್ತಿನಲ್ಲಿ, 2020ರ ಮಾರ್ಚಿನಲ್ಲಿ, ಮಂಗಳೂರಿನ ಆಸ್ಪತ್ರೆಗೆ ಹೋಗುವ ರಸ್ತೆಗಳಿಗೆ ಮಣ್ಣು ಸುರಿದದ್ದು, ಎಲ್ಲವೂ ಯಾರಾದರೊಬ್ಬರ ಪ್ರಬಂಧಕ್ಕೆ ವಸ್ತುವಾಗುವಂಥದ್ದೇ.

ಜರ್ನಲಿನ ಆರ್ಥಿಕತೆ ಹೊರಗಿನವರಿಗೆ ವಿಚಿತ್ರವಾಗಿ ಕಾಣುವಂಥದ್ದು. ಬರೆಯುವವರಿಗೆ ಸಂಭಾವನೆ ಇಲ್ಲ. ಬರೆದದ್ದನ್ನು ಓದಿ ತಪ್ಪು ಹೇಳುವ ಪರಿಶೀಲಕರಿಗೂ ಇಲ್ಲ. ಹೆಚ್ಚಿನ ಸಂಪಾದಕರು ಮೇಷ್ಟ್ರುಗಿರಿಯ ಸಂಬಳದಲ್ಲೇ ಈ ಕೆಲಸವನ್ನೂ ಮಾಡುತ್ತಾರೆ. ಆ ಸಂಬಳ, ಸಂಶೋಧನೆಯ ಅನುದಾನ ಬಹುಪಾಲು ಸಾರ್ವಜನಿಕ ಹಣ. ಕೊನೆಗೆ ಪ್ರಕಾಶನ ಸಂಸ್ಥೆ ಅದನ್ನೇ ವಿಶ್ವವಿದ್ಯಾಲಯಕ್ಕೆ ಚಂದಾ ಹಾಕಿಸಿ ಮಾರುತ್ತದೆ. ಭಾರತೀಯ ಸಮಾಜಶಾಸ್ತ್ರ ಸಂಘವನ್ನು ಜಿ. ಎಸ್. ಘುರ್ಯೆ ಮುಂಬಯಿಯಲ್ಲಿ 1951ರಲ್ಲಿ ಕಟ್ಟಿದರು, ಮರುವರ್ಷ ಅದರ ‘ಸೋಶಿಯಲಾಜಿಕಲ್ ಬುಲೆಟಿನ್’ ಶುರುವಾಯಿತು. ಲೂಯಿ ದ್ಯುಮೋ ಮತ್ತು ಡೇವಿಡ್ ಪೊಕಾಕ್ 1957ರಲ್ಲಿ ‘ಕಾಂಟ್ರಿಬ್ಯೂಶನ್ಸ್ ಟು ಇಂಡಿಯನ್ ಸೋಶಿಯಾಲಜಿ’ ಆರಂಭಿಸಿದರು. ಎರಡೂ ಇವತ್ತು ಸೇಜ್ ಎಂಬ ಬಹುರಾಷ್ಟ್ರೀಯ ಪ್ರಕಾಶನದ ಮೂಲಕ ಹೊರಬರುತ್ತವೆ. ಸಂಘಗಳಿಗೂ ಇದರಲ್ಲಿ ಅನುಕೂಲ ಉಂಟು. ಅಚ್ಚು, ಅಂಚೆ, ಜಾಲತಾಣದ ತಲೆಬಿಸಿ ತಪ್ಪುತ್ತದೆ, ಒಂದಿಷ್ಟು ಗೌರವಧನವೂ ಬರುತ್ತದೆ. ದೂರಾಗುವುದು ಕ್ಯಾಂಪಸ್ಸಿನ ಹೊರಗಿರುವ ಓದುಗ.

ಈ ಬೇಲಿಗೆ ಎದುರಾಗಿ 2002ರ ಫೆಬ್ರವರಿಯಲ್ಲಿ ಬುಡಾಪೆಸ್ಟ್ ಘೋಷಣೆ ಹೊರಟಿತು. ಸಂಶೋಧನೆಯನ್ನು ಯಾರೂ ಎಲ್ಲಿಂದಲೂ ಹಣ ಕೊಡದೆ ಓದುವಂತಿರಬೇಕು, ಮೂಲ ಲೇಖಕರ ಹೆಸರು ಹೇಳಿ ಮರುಬಳಸುವಂತಿರಬೇಕು ಎಂಬುದು ಅದರ ತಿರುಳು. 2003ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯ ಇಂಥ ಪತ್ರಿಕೆಗಳ ಪಟ್ಟಿಯನ್ನು ಸುಮಾರು 300ರಿಂದ ಆರಂಭಿಸಿತು. ಆ ಡಿಒಎಜೆ ಪಟ್ಟಿಯಲ್ಲಿ ಈಗ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಪತ್ರಿಕೆಗಳಿವೆ. ಸಮಾಜಶಾಸ್ತ್ರ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ‘ಸೋಶಿಯಲಾಜಿಕಲ್ ರಿಸರ್ಚ್ ಆನ್‌ಲೈನ್’ 1996ರಲ್ಲೇ ಬ್ರಿಟನ್ನಿನಲ್ಲಿ ಕಾಗದ ಮುಟ್ಟದೆ ಹುಟ್ಟಿತ್ತು. ಅಮೆರಿಕದಲ್ಲಿ 2014ರಲ್ಲಿ ‘ಸೋಶಿಯಲಾಜಿಕಲ್ ಸೈನ್ಸ್’, 2016ರಲ್ಲಿ ಅಲ್ಲಿನ ಸಮಾಜಶಾಸ್ತ್ರ ಸಂಘದ ‘ಸೋಶಿಯಸ್’ ಬಂದವು. ದಕ್ಷಿಣ ಏಷ್ಯಾದ ಕುರಿತಾದ ‘ಸಮಾಜ್’ ಎಂಬ ಪತ್ರಿಕೆ 2007ರಿಂದ ಫ್ರಾನ್ಸಿನ ಜಾಲತಾಣವೊಂದರಲ್ಲಿ ಪೂರ್ತಿ ಉಚಿತವಾಗಿ ಸಿಗುತ್ತಿದೆ. ನಮ್ಮ ಸಮಾಜಶಾಸ್ತ್ರ ವಿದ್ಯಾರ್ಥಿಗಳು ಅದನ್ನಾದರೂ ಒಮ್ಮೆ ತಿರುವಿ ನೋಡಬೇಕು.

ಆದರೆ ಕತೆ ನೇರವಾಗಿ ಸಾಗಲಿಲ್ಲ. ಮೊದಲು ಹೇಳಿದ ಬ್ರಿಟನ್ನಿನ ಪತ್ರಿಕೆ ಈಗ ಸೇಜ್‌ನದ್ದು. ಮಾನವಶಾಸ್ತ್ರದಲ್ಲಿ ದೊಡ್ಡ ನಿರೀಕ್ಷೆಯೊಂದಿಗೆ 2011ರಲ್ಲಿ ಹುಟ್ಟಿದ ‘ಹೌ’ ಎಂಬ ಮುಕ್ತ ಪತ್ರಿಕೆ 2018ರ ಹೊತ್ತಿಗೆ ಶಿಕಾಗೊ ವಿಶ್ವವಿದ್ಯಾಲಯದ ಪ್ರಕಾಶನಕ್ಕೆ ಹೋಗಿ ಚಂದಾ ಪದ್ಧತಿಗೆ ಮರಳಿತು. ಇತ್ತ ದೊಡ್ಡ ಪ್ರಕಾಶನಗಳು ಮುಕ್ತ ಪ್ರವೇಶವನ್ನು ವಿರೋಧಿಸುವುದನ್ನು ಬಿಟ್ಟು ಅದನ್ನೇ ವ್ಯಾಪಾರ ಮಾಡಿಕೊಂಡವು. ಓದುಗ ಕೊಡುವುದು ಬೇಡ, ಬರೆದವನೇ ಕೊಡಲಿ ಎಂಬ ಉಪಾಯ ಅದು. ಇದಕ್ಕೆ ಎಪಿಸಿ, ಅಂದರೆ ಪ್ರಕಟಣಾ ಶುಲ್ಕ ಎನ್ನುತ್ತಾರೆ. ‘ನೇಚರ್’ 2020ರಲ್ಲಿ ಘೋಷಿಸಿದ ಶುಲ್ಕ ಒಂದು ಲೇಖನಕ್ಕೆ 9,500 ಯೂರೊ. ಆಗಿನ ಲೆಕ್ಕಕ್ಕೆ ಎಂಟು ಲಕ್ಷ ರೂಪಾಯಿ ದಾಟುತ್ತದೆ. ಸಮಾಜಶಾಸ್ತ್ರದ ಪತ್ರಿಕೆಗಳಲ್ಲಿ ಇಷ್ಟಿಲ್ಲ ನಿಜ. ಆದರೆ ವಿಜ್ಞಾನಿಗೆ ಅನುದಾನದಲ್ಲಿ ಪ್ರಕಟಣೆಗೆಂದೇ ಒಂದು ಭಾಗ ಇರಬಹುದು. ಬದಿಯಡ್ಕದ ಶಾಲೆಯಲ್ಲಿ ಪಾಠ ಮಾಡುತ್ತಾ ಶನಿವಾರ ಭಾನುವಾರ ಕ್ಷೇತ್ರಕಾರ್ಯ ಮಾಡುವ ಪಿಎಚ್‌.ಡಿ. ವಿದ್ಯಾರ್ಥಿಗೆ ಬಸ್ ಚಾರ್ಜೂ ಕೈಯಿಂದಲೇ. ಬಡ ದೇಶಗಳವರಿಗೆ ಶುಲ್ಕ ಮನ್ನಾ ಉಂಟಲ್ಲ ಎನ್ನುತ್ತಾರೆ. ಪೂರ್ತಿ ಮನ್ನಾದ ಪಟ್ಟಿಗಳಲ್ಲಿ ಭಾರತ ಸಾಮಾನ್ಯವಾಗಿ ಸೇರುವುದಿಲ್ಲ. ನಮ್ಮ ದೇಶದ ಒಟ್ಟು ಗಾತ್ರ ದೊಡ್ಡದು, ಆ ಗಾತ್ರದ ನೆರಳಲ್ಲಿ ಕುಳಿತವರ ಜೇಬು ಯಾರಿಗೂ ಕಾಣುವುದಿಲ್ಲ.

ಹಾಗಾದರೆ ಓದುಗರಿಂದಲೂ ಲೇಖಕರಿಂದಲೂ ದುಡ್ಡು ತೆಗೆದುಕೊಳ್ಳದ ಪತ್ರಿಕೆ ಇಲ್ಲವೆ? ಉಂಟು. ಅದಕ್ಕೆ ‘ಡೈಮಂಡ್’ ಎಂಬ ಹೊಳೆಯುವ ಹೆಸರು ಕೊಟ್ಟಿದ್ದಾರೆ. ಇದರ ಮೇಸ್ತ್ರಿಗಳು ಲ್ಯಾಟಿನ್ ಅಮೆರಿಕದವರು. ಬ್ರೆಜಿಲ್‌ನಲ್ಲಿ 1990ರ ದಶಕದ ಕೊನೆಯಲ್ಲಿ ಶುರುವಾದ ಸೈಲೊ, ಮೆಕ್ಸಿಕೊದ ಒಂದು ಸರ್ಕಾರಿ ವಿಶ್ವವಿದ್ಯಾಲಯ ನಡೆಸುವ ರೆಡಾಲಿಕ್, ಈ ಎರಡು ಜಾಲಭಂಡಾರಗಳಲ್ಲಿ ಸಮಾಜವಿಜ್ಞಾನದ ಸಾವಿರಾರು ಲೇಖನಗಳು ಪೋರ್ಚುಗೀಸ್ ಮತ್ತು ಸ್ಪ್ಯಾನಿಷ್‌ನಲ್ಲೇ ಇವೆ. ಅಲ್ಲಿ ಜರ್ನಲ್ ಎಂದರೆ ವಿಶ್ವವಿದ್ಯಾಲಯ ತನ್ನ ಗ್ರಂಥಾಲಯವನ್ನು ನಡೆಸಿದಂತೆಯೇ ನಡೆಸುವ ಸೇವೆ. ತಮ್ಮ ಊರಿನ ಬಗ್ಗೆ ತಮ್ಮ ನುಡಿಯಲ್ಲಿ ಬರೆದರೆ ಪ್ರೊಫೆಸರ್ ಆಗಲಾರೆ ಎಂಬ ಭಯ ಅಲ್ಲಿ ನಮ್ಮಷ್ಟಿಲ್ಲ.

ಭಾರತ ಸರ್ಕಾರ ಹಿಡಿದ ದಾರಿ ಬೇರೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶನಗಳ ಸುಮಾರು 13,000 ಪತ್ರಿಕೆಗಳು, 6,300ರಷ್ಟು ಸರ್ಕಾರಿ ಸಂಸ್ಥೆಗಳಿಗೆ, ಗ್ರಂಥಾಲಯಗಳನ್ನು ಜಾಲದಲ್ಲಿ ಜೋಡಿಸುವ ಗಾಂಧಿನಗರದ ಸಂಸ್ಥೆ ಇನ್‌ಫ್ಲಿಬ್‌ನೆಟ್ ಮೂಲಕ. ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಜಿಲ್ಲೆಯ ಸರ್ಕಾರಿ ಕಾಲೇಜುಗಳಲ್ಲೋ ಕಲಿಯುವವರಿಗೆ, ಹಿಂದೆ ದೆಹಲಿ ಬೆಂಗಳೂರುಗಳ ದೊಡ್ಡ ಸಂಸ್ಥೆಗಳಿಗೆ ಮಾತ್ರ ಸಿಗುತ್ತಿದ್ದದ್ದು ಈಗ ಸಿಗಬೇಕು. ಒಂದು ತಲೆಮಾರಿನ ಕೊರತೆ ಇದರಿಂದ ನೀಗಬಹುದು.

ಆದರೂ ಇದು ಬೇಲಿಯನ್ನು ಕಿತ್ತದ್ದಲ್ಲ, ಒಳಗಿರುವವರ ಸಂಖ್ಯೆಯನ್ನು ಹೆಚ್ಚಿಸಿದ್ದು. ಖಾಸಗಿ ಕಾಲೇಜಿನವರು ಹೊರಗೆ. ನಿವೃತ್ತ ಅಧ್ಯಾಪಕರು, ಪತ್ರಕರ್ತರು, ಸಂತ್ರಸ್ತರ ಪರವಾಗಿ ಕೋರ್ಟು ಕಚೇರಿ ಅಲೆಯುವವರು ಹೊರಗೆ. ಕಾಸರಗೋಡಿನ ಸ್ಥಳೀಯ ಚರಿತ್ರೆ, ಯಕ್ಷಗಾನ, ಜನಪದದ ಕೆಲಸದ ದೊಡ್ಡ ಪಾಲು ಆಗಿರುವುದು ಇಂಥ ಹೊರಗಿನವರಿಂದಲೇ. ಮಂಜೇಶ್ವರದ ಗೋವಿಂದ ಪೈಗಳಿಗೆ ಯಾವ ವಿಶ್ವವಿದ್ಯಾಲಯದ ಹುದ್ದೆಯೂ ಇರಲಿಲ್ಲ. ಅವರು ಇವತ್ತು ಇದ್ದಿದ್ದರೆ ಈ ಯೋಜನೆಯಲ್ಲಿ ಅವರಿಗೆ ಪಾಸ್‌ವರ್ಡ್ ಸಿಗುತ್ತಿರಲಿಲ್ಲ. ಕೇರಳದ ಹಳ್ಳಿಹಳ್ಳಿಯಲ್ಲಿ ಗ್ರಂಥಾಲಯ ಚಳವಳಿ ಕಟ್ಟಿಕೊಟ್ಟ ವಾಚನಾಲಯಗಳಿವೆ, ನಮ್ಮ ಕಡೆಯೂ ಉಂಟು. ಒಂದು ಕಂಪ್ಯೂಟರಿನಲ್ಲಾದರೂ ಅಲ್ಲಿಗೆ ಈ ಸೌಲಭ್ಯ ಬಂದರೆ ಮಾತು ಬೇರೆಯಾಗುತ್ತಿತ್ತು. ಇನ್ನೊಂದು ಸಂಗತಿ, ಈ 6,000 ಕೋಟಿ ಹೋಗುವುದು ಬಹುತೇಕ ಹೊರಗಿನ ಪ್ರಕಾಶನಗಳಿಗೆ, ಬಹುತೇಕ ಇಂಗ್ಲಿಷ್ ಓದಿಗೆ. ಚಂದಾ ಎಂದರೆ ಬಾಡಿಗೆ. ಅವಧಿ ಮುಗಿದ ಮೇಲೆ ಮತ್ತೆ ಚೌಕಾಸಿ.

ಚಂದಾ ಇಲ್ಲದವರು ಮಾಡುತ್ತಿದ್ದದ್ದು ಏನು ಎಂಬುದು ಗುಟ್ಟಲ್ಲ. ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ 2011ರಲ್ಲಿ ತೆರೆದ, ಚಂದಾ ಲೇಖನಗಳನ್ನು ಪ್ರಕಾಶನಗಳ ಅನುಮತಿ ಇಲ್ಲದೆ ಉಚಿತವಾಗಿ ಕೊಡುವ ಸೈ-ಹಬ್‌ನಲ್ಲಿ ಇಳಿಸಿಕೊಳ್ಳುತ್ತಿದ್ದರು. ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ 2020ರಲ್ಲಿ ಹಾಕಿದ ದಾವೆಯಲ್ಲಿ ದೆಹಲಿ ಹೈಕೋರ್ಟು 2025ರ ಆಗಸ್ಟಿನಲ್ಲಿ ಅದನ್ನು ದೇಶದಲ್ಲಿ ತಡೆಹಿಡಿಯಲು ಹೇಳಿತು. ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ಆಶ್ಚರ್ಯವಿಲ್ಲ. ಆ ಹಿಂಬಾಗಿಲು ಮುಚ್ಚುವ ಹೊತ್ತಿಗೆ ಮುಂಬಾಗಿಲು ಎಷ್ಟು ಜನರಿಗೆ ತೆರೆದಿತ್ತು ಎಂದು ಕೇಳಬೇಕಾದವರು ಕೋರ್ಟಿನವರಲ್ಲ, ನೀತಿ ಮಾಡುವವರು.

ಇನ್ನು ಬರೆಯುವವರ ಕಷ್ಟಕ್ಕೆ ಬರುತ್ತೇನೆ, ನಮ್ಮ ಭಾಗದಲ್ಲಿ ನಿಜವಾದ ಹಾನಿ ಆಗಿರುವುದು ಅಲ್ಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2016ರ ನಿಯಮದಲ್ಲಿ ಪಿಎಚ್‌.ಡಿ. ಪ್ರಬಂಧ ಸಲ್ಲಿಸುವ ಮುಂಚೆ ಒಂದು ಲೇಖನವಾದರೂ ಜರ್ನಲಿನಲ್ಲಿ ಬಂದಿರಬೇಕಿತ್ತು. ಬಡ್ತಿಗೆ ಅಂಕಗಳ ಲೆಕ್ಕ ಬೇರೆ. ಬೇಡಿಕೆ ಹುಟ್ಟಿದಲ್ಲಿ ಅಂಗಡಿಯೂ ಹುಟ್ಟುತ್ತದೆ. ‘ಅಂತಾರಾಷ್ಟ್ರೀಯ’ ಎಂಬ ಪದ ತಲೆಯ ಮೇಲಿಟ್ಟುಕೊಂಡು, ಸಮಾಜಶಾಸ್ತ್ರದಿಂದ ಸಿವಿಲ್ ಎಂಜಿನಿಯರಿಂಗಿನವರೆಗೆ ಎಲ್ಲವನ್ನೂ ಅಚ್ಚುಹಾಕುವ, ಎರಡು–ಮೂರು ಸಾವಿರ ರೂಪಾಯಿ ಕಟ್ಟಿದರೆ ವಾರದೊಳಗೆ ‘ಪರಿಶೀಲಿಸಿ’ ಪ್ರಕಟಿಸುವ ಪತ್ರಿಕೆಗಳು ಅಣಬೆಗಳಂತೆ ಎದ್ದವು. ಇವೂ ಓದಲು ಉಚಿತವೇ, ಹಾಗಾಗಿ ಇವೂ ತಮ್ಮನ್ನು ಓಪನ್ ಆಕ್ಸೆಸ್ ಎಂದೇ ಕರೆದುಕೊಳ್ಳುತ್ತವೆ! ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನದೇ ಮಾನ್ಯ ಪತ್ರಿಕೆಗಳ ಪಟ್ಟಿಯಿಂದ 4,305 ಪತ್ರಿಕೆಗಳನ್ನು ತೆಗೆಯಬೇಕಾಯಿತು. 2019ರಲ್ಲಿ ‘ಕೇರ್’ ಎಂಬ ಹೊಸ ಮಾನ್ಯತಾ ಪಟ್ಟಿ ತಂದಿತು. 2022ರ ನಿಯಮದಲ್ಲಿ ಪಿಎಚ್‌.ಡಿ.ಗೆ ಪ್ರಕಟಣೆಯ ಕಡ್ಡಾಯವನ್ನು ಕೈಬಿಟ್ಟಿತು. 2025ರ ಫೆಬ್ರವರಿಯಲ್ಲಿ ಕೇರ್ ಪಟ್ಟಿಯನ್ನೇ ನಿಲ್ಲಿಸಿ, ಪತ್ರಿಕೆ ಒಳ್ಳೆಯದೋ ಕೆಟ್ಟದೋ ಎಂದು ವಿಶ್ವವಿದ್ಯಾಲಯಗಳೇ ನೋಡಿಕೊಳ್ಳಲಿ ಎಂದು ಕೆಲವು ಮಾನದಂಡಗಳನ್ನು ಮುಂದಿಟ್ಟಿತು.

ಈ ಕೊನೆಯ ತಿರುವನ್ನು ಹಲವರು ಗೋಳಿನಿಂದ ನೋಡುತ್ತಿದ್ದಾರೆ. ಅಂಗಡಿಗಳು ಮತ್ತೆ ಬಾಗಿಲು ತೆರೆಯುತ್ತವೆ ಎಂಬ ಭಯ ಸುಳ್ಳಲ್ಲ. ಆದರೆ ಕನ್ನಡದ ಮಟ್ಟಿಗೆ ನನಗೆ ಇದರಲ್ಲಿ ಒಂದು ಅವಕಾಶವೂ ಕಾಣುತ್ತದೆ. ದೆಹಲಿಯ ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಒಂದೇ ಕಾರಣಕ್ಕೆ ಪ್ರಾಮಾಣಿಕವಾದ ಕನ್ನಡ ಪತ್ರಿಕೆಗೆ ಬರೆಯಲು ಯುವಕರು ಹಿಂಜರಿಯುವ ಸ್ಥಿತಿ ಇತ್ತು. ಈಗ ಆ ನೆಪ ಇಲ್ಲ. ಸಂಪಾದಕ ಮಂಡಳಿ ಯಾರದು, ಪರಿಶೀಲನೆ ಹೇಗೆ ನಡೆಯುತ್ತದೆ, ಶುಲ್ಕ ಎಷ್ಟು ಎಂಬುದನ್ನು ಬಹಿರಂಗವಾಗಿ ಹೇಳುವ ಪತ್ರಿಕೆಗೆ ಅದರ ಯೋಗ್ಯತೆಯ ಮೇಲೆ ಬೆಲೆ ಕೊಡುವ ಅಧಿಕಾರ ವಿಶ್ವವಿದ್ಯಾಲಯದ ಕೈಗೆ ಬಂದಿದೆ. ಅದನ್ನು ಬಳಸುವ ಧೈರ್ಯ ಬಂದಿದೆಯೆ, ಅದು ಬೇರೆ ಮಾತು.

ಕನ್ನಡದಲ್ಲಿ ವಿದ್ವತ್ಪತ್ರಿಕೆ ಹೊಸದಲ್ಲ. ‘ಪ್ರಬುದ್ಧ ಕರ್ನಾಟಕ’ ಹುಟ್ಟಿದ್ದು 1919ರಲ್ಲಿ. ಆದರೆ ಹಳೆಯ ಸಂಚಿಕೆಗಳು ಗ್ರಂಥಾಲಯದ ಕಪಾಟಿನಲ್ಲಿ, ಅಥವಾ ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿದ ಚಿತ್ರಗಳಾಗಿ ಉಳಿದಿವೆ. ಹೊಸದರದ್ದು ಇನ್ನೊಂದು ಗೋಳು. ಕನ್ನಡದಲ್ಲಿ ಎಷ್ಟೋ ಸಂಶೋಧನೆ ಇವತ್ತಿಗೂ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾಗಿ ಪಿಡಿಎಫ್ ಆಗುತ್ತದೆ. ಕಣ್ಣಿಗೆ ಅದು ಚಂದದ ಕನ್ನಡ. ಕಂಪ್ಯೂಟರಿಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದರಲ್ಲಿ ‘ಕೊರಗ’ ಎಂದು ಹುಡುಕಿದರೆ ಸಿಗುವುದಿಲ್ಲ, ನಾಲ್ಕು ಸಾಲು ನಕಲು ಮಾಡಿ ಅಂಟಿಸಿದರೆ ಕಲಸುಮೇಲೋಗರ. ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಭಂಡಾರದಲ್ಲಿ ಕನ್ನಡದ ಪಿಎಚ್‌.ಡಿ. ಪ್ರಬಂಧಗಳು ರಾಶಿ ಉಂಟು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅವುಗಳ ಒಳಗೆ ಇಳಿದು ಒಂದು ಊರಿನ ಹೆಸರನ್ನೋ ಒಂದು ಭೂತದ ಹೆಸರನ್ನೋ ಹುಡುಕಲು ಹೋದರೆ ಹೆಚ್ಚಿನ ಸಲ ಬರಿಗೈ. ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಯುನಿಕೋಡಿನಲ್ಲಿ ಕೊಡಬೇಕು ಎಂಬ ಒಂದೇ ನಿಯಮ ಗಟ್ಟಿಯಾಗಿ ಜಾರಿಯಾದರೆ, ಹತ್ತು ವಿಚಾರಸಂಕಿರಣಗಳಿಂದ ಆಗದ ಕೆಲಸ ಆಗುತ್ತದೆ. ಮುಕ್ತ ಪ್ರವೇಶದ ಘೋಷಣೆಗಳಲ್ಲಿ ಈ ಅಡ್ಡಿಯ ಮಾತೇ ಬರುವುದಿಲ್ಲ, ಏಕೆಂದರೆ ಇಂಗ್ಲಿಷಿಗೆ ಈ ಕಾಯಿಲೆ ಇಲ್ಲ.

ಎಲ್ಲವೂ ತೆರೆದಿರಲಿ ಎನ್ನುವ ಉತ್ಸಾಹಕ್ಕೆ ಒಂದು ಕಡಿವಾಣವೂ ಬೇಕು. ಸಮಾಜಶಾಸ್ತ್ರದಲ್ಲಿ ಊರಿನ ಹೆಸರು, ಜನರ ಹೆಸರು ಬದಲಿಸಿ ಬರೆಯುವ ಪದ್ಧತಿ ಉಂಟು. ಲೇಖನ ಲಂಡನ್ನಿನ ಗ್ರಂಥಾಲಯದಲ್ಲಿ ಇರುವವರೆಗೆ ಆ ಮುಸುಕು ಸಾಕು. ಅದೇ ಲೇಖನ ಊರಿನ ವಾಟ್ಸಾಪ್ ಗುಂಪಿಗೆ ಬಂದರೆ? ‘ಗಡಿಯ ಒಂದು ಹಳ್ಳಿ, ಇಬ್ಬರು ಕಾಯಿಲೆಯ ಮಕ್ಕಳು, ಗಂಡ ಗಲ್ಫಿನಲ್ಲಿ’ ಎಂಬ ಮೂರು ವಿವರ ಸಾಕು, ಯಾರ ಮನೆ ಎಂದು ಪಕ್ಕದ ಮನೆಯವರು ಬೆರಳಿಟ್ಟು ತೋರಿಸುತ್ತಾರೆ. ಅತ್ತೆಯ ಮೇಲೆ, ಪಂಚಾಯತಿನ ಮೇಲೆ, ಪಟ್ಟಿ ಮಾಡಿದವರ ಮೇಲೆ ಆಕೆ ಹೇಳಿಕೊಂಡದ್ದು ಅಲ್ಲಿ ಇರುತ್ತದೆ. ಎಂಡೋಸಲ್ಫಾನ್ ಸಂತ್ರಸ್ತ ಮಕ್ಕಳ ಫೋಟೋಗಳು ಒಪ್ಪಿಗೆಯ ಗೊಡವೆ ಇಲ್ಲದೆ ಎಲ್ಲೆಲ್ಲಿ ಸುತ್ತಿದವು ಎಂಬುದನ್ನು ಈ ಜಿಲ್ಲೆ ನೋಡಿದೆ. ಹಾಗೆಂದು ಬೀಗ ಹಾಕಿಡುವುದು ಪರಿಹಾರವಲ್ಲ. ಬರೆದದ್ದನ್ನು ಅಚ್ಚಿಗೆ ಮುಂಚೆ ಆ ಮನೆಯವರಿಗೆ ಅವರ ಭಾಷೆಯಲ್ಲಿ ಓದಿ ಹೇಳಬೇಕು, ಬೇಡ ಎಂದ ಸಾಲನ್ನು ತೆಗೆಯಬೇಕು. ಇದನ್ನು ಷರತ್ತಾಗಿ ಇಡಬಲ್ಲದ್ದು ಹತ್ತಿರದ ಪತ್ರಿಕೆ. ಅಟ್ಲಾಂಟಿಕ್ ಆಚೆಯ ಸಂಪಾದಕರಿಗೆ ಆ ಮನೆಯ ದಾರಿ ಗೊತ್ತಿಲ್ಲ.

ಹತ್ತಿರದ ಪತ್ರಿಕೆ ಎಂದರೆ, ಕಾಸರಗೋಡಿನಿಂದಲೇ ಹೊರಡುವ, ಕನ್ನಡದಲ್ಲಿ ಬರೆಯುವ, ಪ್ರತಿ ಲೇಖನಕ್ಕೂ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಒಂದೊಂದು ಪುಟದ ಸಾರಾಂಶ ಕೊಡುವ ಸಮಾಜಶಾಸ್ತ್ರದ ಪತ್ರಿಕೆ. ಇಲ್ಲಿ ಕನ್ನಡಿಗರ ಅರ್ಧ ವ್ಯವಹಾರ ಮಲಯಾಳ ಬಲ್ಲವರ ಜೊತೆ. ನಮ್ಮ ದೂರುಗಳನ್ನು ನಾವೇ ಓದಿ ನಾವೇ ತಲೆದೂಗುವ ಪತ್ರಿಕೆ ಇನ್ನೊಂದು ಬೇಕಾಗಿಲ್ಲ, ತಿರುವನಂತಪುರದ ಅಧಿಕಾರಿಯ ಮೇಜಿನ ಮೇಲೂ ಅದು ಬೀಳಬೇಕು. ಇದಕ್ಕೆ ಯಂತ್ರೋಪಕರಣದ ಕೊರತೆ ಏನೂ ಇಲ್ಲ. ಲೇಖನ ತರಿಸಿಕೊಳ್ಳುವುದರಿಂದ ಪರಿಶೀಲನೆ, ಪ್ರಕಟಣೆಯವರೆಗೆ ಎಲ್ಲವನ್ನೂ ನಡೆಸುವ ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ತಂತ್ರಾಂಶ ಎರಡು ದಶಕಗಳಿಂದ ಉಚಿತವಾಗಿದೆ, ಜಗತ್ತಿನ ಸಾವಿರಾರು ಪತ್ರಿಕೆಗಳು ಅದರ ಮೇಲೆಯೇ ನಡೆಯುತ್ತವೆ. ಸರ್ವರಿನ ಖರ್ಚು ಒಂದು ಕಾಲೇಜಿನ ವಾರ್ಷಿಕೋತ್ಸವದ ಶಾಮಿಯಾನದ ಖರ್ಚಿಗಿಂತ ಹೆಚ್ಚಾಗದು.

ದುಬಾರಿಯಾದದ್ದು ಮನುಷ್ಯರ ಹೊತ್ತು. ಬಂದ ಲೇಖನವನ್ನು ಮುಲಾಜಿಲ್ಲದೆ ಓದಿ, ಇದು ಆಗದು ಎಂದು ಪರಿಚಯದವರಿಗೇ ಬರೆಯಬಲ್ಲ ಇಪ್ಪತ್ತು ಜನ ಪರಿಶೀಲಕರು ಬೇಕು. ಎಲ್ಲರೂ ಎಲ್ಲರಿಗೂ ನೆಂಟರೋ ಶಿಷ್ಯರೋ ಆಗಿರುವ ಸಣ್ಣ ಜಾಗದಲ್ಲಿ ಲೇಖಕರ ಹೆಸರು ಮುಚ್ಚಿ ಕಳಿಸಿದರೂ ಎರಡನೇ ಪುಟದಲ್ಲಿ ಗುರುತು ಸಿಗುತ್ತದೆ. ಹಾಗಾಗಿ ಹಂಪಿ, ಮಂಗಳೂರು, ಮೈಸೂರು, ಧಾರವಾಡದ ಕಡೆಯಿಂದ ಪರಿಶೀಲಕರನ್ನು ಹುಡುಕಬೇಕಾಗುತ್ತದೆ. ಅವರು ಮಾಡುವ ಈ ಕೆಲಸವನ್ನು ಅವರ ವಿಶ್ವವಿದ್ಯಾಲಯಗಳು ಕೆಲಸವೆಂದು ಲೆಕ್ಕಕ್ಕೆ ಹಿಡಿಯಬೇಕು. ಇವತ್ತು ಹಿಡಿಯುವುದಿಲ್ಲ ಎಂದೇ ಹೇಳಬೇಕು.

ಜೊತೆಗೆ, ಯಾರೋ ಒಬ್ಬರು ಹಣ ಕೊಡುತ್ತಲೇ ಇರಬೇಕು. ಪಡ್ರೆಯ ಹುಡುಗರ ಬಗ್ಗೆ ಪ್ರಕಟಿಸಿದ ಆ ಅಮೆರಿಕನ್ ಪತ್ರಿಕೆಗೇ ಸರ್ಕಾರದ ಅನುದಾನಕ್ಕೆ ಕತ್ತರಿ ಬಿದ್ದ ಹೊತ್ತಿನಲ್ಲಿ, 2025ರ ಏಪ್ರಿಲಿನಲ್ಲಿ, ಹೊಸ ಲೇಖನ ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕಾಗಿ ಬಂತು. ಅಷ್ಟು ದೊಡ್ಡದಕ್ಕೇ ಹಾಗಾದರೆ, ಒಂದು ಕಾಲೇಜಿನ ಒಬ್ಬ ಉತ್ಸಾಹಿ ಮೇಷ್ಟ್ರ ಹೆಗಲ ಮೇಲೆ ನಿಂತ ಪತ್ರಿಕೆ ಅವರ ವರ್ಗಾವಣೆಯವರೆಗೆ ಬಾಳೀತು. ಅದಕ್ಕೇ ಇದನ್ನು ವ್ಯಕ್ತಿಯ ಕೈಗೆ ಕೊಡುವ ಬದಲು ಎರಡು ಸಂಸ್ಥೆಗಳ ಬಜೆಟ್ಟಿನಲ್ಲಿ ಒಂದೊಂದು ಸಾಲಾಗಿ ಬರೆಸುವುದು ಒಳ್ಳೆಯದು, ಒಂದು ಗಡಿಯ ಈಚೆ, ಒಂದು ಆಚೆ. ಕರ್ನಾಟಕ ಸರ್ಕಾರ ಹೊರನಾಡ ಕನ್ನಡಿಗರಿಗೆಂದು ಸಮ್ಮೇಳನಗಳಿಗೂ ಭವನಗಳಿಗೂ ಹಣ ಕೊಡುತ್ತದೆ. ಮೂರು ದಿನದ ಒಂದು ಸಮ್ಮೇಳನದ ಊಟದ ಖರ್ಚಿನಲ್ಲಿ ಇಂಥ ಪತ್ರಿಕೆ ಕೆಲವು ವರ್ಷ ನಡೆದೀತು ಎಂಬುದು ನನ್ನ ಅಂದಾಜು. ಅರ್ಜಿ ಬರೆಯುವವರು ಊಟದ ಬಾಬ್ತಿನ ಪಕ್ಕದಲ್ಲಿ ಇದನ್ನೂ ಒಂದು ಬಾಬ್ತು ಎಂದು ಸೇರಿಸಿ ನೋಡಬಹುದು.